ಕೇಳಲಿಲ್ಲ, ಹೇಳಲಿಲ್ಲ

ಯಾವುದೇ ಆಸ್ಪತ್ರೆಯ ಜಗಲಿಯಲ್ಲಿ ಅರ್ಧ ಗಂಟೆ ಕುಳಿತರೆ ಎರಡು ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಒಳಗಿನಿಂದ ಕೇಳಿಬರುವುದು, "ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಎಂಬ ಗದರಿಕೆ. ಹೊರಗೆ ಬಂದವರು ಚಪ್ಪಲಿ ಮೆಟ್ಟಿಕೊಳ್ಳುತ್ತ ಜೊತೆಯವರಿಗೆ ಹೇಳುವುದು, "ಅವರು ಕೇಳಲೇ ಇಲ್ಲವಲ್ಲ!" ಎಂಬ ಸಮಜಾಯಿಷಿ. ಎರಡೂ ನಿಜವೇ. ಇಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಆದರೂ ಈ ಎರಡು ನಿಜಗಳ ನಡುವಿನ ಸಂದಿಯಲ್ಲಿ ಒಂದು ಜೀವ ಜಾರಿ ಹೋಗಬಹುದು. ವಕೀಲರ ಹತ್ತಿರ, ವೈದ್ಯರ ಹತ್ತಿರ ಸುಳ್ಳು ಹೇಳಬಾರದು ಎಂದು ಹಿರಿಯರು ನಮಗೆ ಹೇಳಿಕೊಟ್ಟಿದ್ದಾರೆ. ಸುಮ್ಮನಿರಬಾರದು ಎಂದು ಮಾತ್ರ ಯಾರೂ ಹೇಳಿಕೊಟ್ಟಂತಿಲ್ಲ. ಹಾಗಾದರೆ ಸುಮ್ಮನಿರುವುದು ಸುಳ್ಳಿನ ಲೆಕ್ಕಕ್ಕೆ ಬರುತ್ತದೆಯೇ, ಬರುವುದಿಲ್ಲವೇ? ಬರುತ್ತದೆ ಎಂದಾದರೆ ಯಾರ ಸುಳ್ಳು ಅದು, ಹೇಳದವರದೋ, ಕೇಳದವರದೋ?

ನಾವು ಚಿಕ್ಕವರಿದ್ದಾಗ ನಮ್ಮ ಕಡೆ ಪಂಡಿತರು ಔಷಧಿಯ ಪೊಟ್ಟಣ ಕೈಗಿಡುವ ಮೊದಲು ಪಥ್ಯ ಹೇಳುತ್ತಿದ್ದರು. ಬದನೆಕಾಯಿ ಕೂಡದು, ಕುಂಬಳಕಾಯಿ ಕೂಡದು, ಹುಳಿ ಅಷ್ಟಕ್ಕಷ್ಟೆ, ಮೊಸರು ರಾತ್ರಿಗೆ ಬೇಡ. ಅದರಲ್ಲಿ ಎಷ್ಟು ಸರಿ, ಎಷ್ಟು ಬರೀ ರೂಢಿ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಆದರೆ ಒಂದು ಮಾತು ಒಪ್ಪಬೇಕು. ಅಲ್ಲಿ ಔಷಧಿಯೂ ಊಟವೂ ಒಂದೇ ಎಲೆಯ ಮೇಲೆ ಕುಳಿತಿದ್ದವು. ಆಮೇಲೆ ಇಂಗ್ಲಿಷ್ ಔಷಧಿ ಬಂತು. "ಪಥ್ಯ ಏನು ಡಾಕ್ಟರೇ?" ಎಂದು ಅಭ್ಯಾಸಬಲದಿಂದ ಕೇಳಿದವರಿಗೆ, "ಏನೂ ಇಲ್ಲ, ಎಲ್ಲ ತಿನ್ನಿ" ಎಂಬ ಉತ್ತರ ಸಿಕ್ಕಿತು. ನಮಗೆ ಎಷ್ಟು ಸಂತೋಷವಾಯಿತೆಂದರೆ, ಆವತ್ತಿನಿಂದ ಆ ಪ್ರಶ್ನೆಯನ್ನೇ ಕೇಳುವುದನ್ನು ಬಿಟ್ಟೆವು. ಅವರೂ ಹೇಳುವುದನ್ನು ಬಿಟ್ಟರು. ಹೊಟ್ಟೆ ಮಾತ್ರ ಅದೇ ಹೊಟ್ಟೆ, ಪಿತ್ತಕೋಶ ಅದೇ ಪಿತ್ತಕೋಶ. ಥೈರಾಯ್ಡಿನ ಗುಳಿಗೆ ನುಂಗಿದ ಬೆನ್ನಿಗೇ ಒಂದು ಲೋಟ ಕಾಫಿ ಕುಡಿದರೆ ಗುಳಿಗೆ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ಕಬ್ಬಿಣದ ಮಾತ್ರೆಯ ಜೊತೆಗೆ ಚಹಾ ಕುಡಿದರೂ ಹಾಗೆಯೇ. ನಮ್ಮ ಹೆಂಗಸರಲ್ಲಿ ಎಷ್ಟು ಜನ ಬೆಳಗಿನ ಮಾತ್ರೆಯನ್ನು ಕಾಫಿಯಲ್ಲೇ ನುಂಗುತ್ತಾರೆ ಎಂಬುದು ನಮ್ಮ ನಮ್ಮ ಅಡುಗೆಮನೆಗೆ ಗೊತ್ತು.

ಈ ವಿಷಯ ಯೋಚಿಸುವಾಗಲೆಲ್ಲ ನನಗೆ ಅಮೆರಿಕದ ಒಬ್ಬ ರೈತನ ನೆನಪಾಗುತ್ತದೆ. 1933ರ ಫೆಬ್ರವರಿ. ವಿಸ್ಕಾನ್ಸಿನ್ ರಾಜ್ಯದಲ್ಲಿ ಹಿಮಗಾಳಿ ಬೀಸುತ್ತಿತ್ತು. ದನಗಳು ಒಂದಾದ ಮೇಲೊಂದು ರಕ್ತಸ್ರಾವವಾಗಿ ಸಾಯುತ್ತಿದ್ದುದನ್ನು ಕಂಡು ಕಂಗೆಟ್ಟ ಆ ರೈತ ಇನ್ನೂರು ಮೈಲಿಯ ಹತ್ತಿರ ಲಾರಿ ಓಡಿಸಿಕೊಂಡು ಮ್ಯಾಡಿಸನ್ ನಗರದ ವಿಶ್ವವಿದ್ಯಾಲಯಕ್ಕೆ ಬಂದ. ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯೋಗಶಾಲೆಯ ಬಾಗಿಲು ತಟ್ಟಿದ. ಅವನ ಲಾರಿಯಲ್ಲಿ ಏನೇನಿತ್ತು ಗೊತ್ತೇ? ಸತ್ತ ಕಡಸು ಒಂದು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ, ಮತ್ತು ದನಗಳು ತಿಂದಿದ್ದ ಹಾಳಾದ ಮೇವಿನ ದೊಡ್ಡ ಹೊರೆ. ಆ ಮೇವಿನಿಂದಲೇ ಮುಂದೆ ಲಿಂಕ್ ಮತ್ತು ಅವನ ಶಿಷ್ಯರು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವನ್ನು ಬೇರ್ಪಡಿಸಿದರು. ಅದರ ಬಳಗದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಅಂಗಡಿಗೆ ಬಂತು. 1954ರ ಹೊತ್ತಿಗೆ ಮನುಷ್ಯರ ಔಷಧಿಯಾಯಿತು. ಇವತ್ತು ಹೃದಯದ ಕವಾಟ ಬದಲಾಯಿಸಿಕೊಂಡ ಎಷ್ಟೋ ಜನ ಅದನ್ನೋ ಅದರ ದಾಯಾದಿಯನ್ನೋ ದಿನವೂ ನುಂಗಿ ಬದುಕಿದ್ದಾರೆ.

ಕಥೆಯಲ್ಲಿ ನನಗೆ ಹಿಡಿಸಿದ್ದು ಇಲಿಪಾಷಾಣ ಔಷಧಿಯಾದ ವಿಚಿತ್ರವಲ್ಲ, ಆ ಮೇವಿನ ಹೊರೆ. ದನಕ್ಕೆ ಬಾಯಿಲ್ಲ, ಅದು ತಿಂದದ್ದನ್ನು ಯಾರಾದರೂ ಹೊತ್ತು ತಂದು ತೋರಿಸಲೇಬೇಕು ಎಂದು ರೈತನಿಗೆ ತಿಳಿದಿತ್ತು. ಯಾರೂ ಕೇಳುವ ಮೊದಲೇ ತಂದ. ಬಾಯಿ ಇರುವ ನಾವು ವೈದ್ಯರ ಬಳಿಗೆ ಹೋಗುವಾಗ ರಕ್ತದ ವರದಿ, ಎಕ್ಸ್‌ರೇ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯುತ್ತೇವೆ. ಮೇವನ್ನು ಮನೆಯಲ್ಲೇ ಬಿಟ್ಟಿರುತ್ತೇವೆ.

ಇದೇ ವಾರ್ಫರಿನ್ ವಿಷಯದಲ್ಲಿ ಮೇವಿನ ಮಾತು ಮತ್ತೂ ಮುಖ್ಯ. ಸೊಪ್ಪಿನಲ್ಲಿರುವ ಕೆ ಜೀವಸತ್ವ ಅದರ ಕೆಲಸಕ್ಕೆ ಎದುರು. ಹರಿವೆ, ಪಾಲಕ್, ನುಗ್ಗೆಸೊಪ್ಪು ಒಂದು ವಾರ ಹೇರಳವಾಗಿ ತಿಂದು ಇನ್ನೊಂದು ವಾರ ಮುಟ್ಟದೆ ಇದ್ದರೆ ರಕ್ತದ ಹದ ಒಮ್ಮೆ ಗಟ್ಟಿ ಒಮ್ಮೆ ನೀರು. ಸೊಪ್ಪು ಬಿಡಿ ಎಂದಲ್ಲ, ಎಂದಿನ ಅಳತೆಯಲ್ಲಿ ತಿನ್ನಿ ಎಂದು ವೈದ್ಯರು ಹೇಳುವುದು. ಆದರೆ ಅರ್ಧ ಕೇಳಿಸಿಕೊಂಡವರು ಹೆದರಿ ಸೊಪ್ಪನ್ನೇ ಬಿಟ್ಟುಬಿಡುತ್ತಾರೆ, ಶ್ರಾವಣದಲ್ಲಿ ಮತ್ತೆ ಶುರುಮಾಡುತ್ತಾರೆ. ಹೆದರಿಕೆಯೂ ಒಂದು ಬಗೆಯ ಕಿವುಡೇ ಸರಿ.

ನಾವು ಹೇಳದೆ ಇರುವುದಕ್ಕೆ ಮುಖ್ಯ ಕಾರಣ ಮುಚ್ಚಿಡಬೇಕೆಂಬ ಹಟವಲ್ಲ. ಹೇಳುವಂಥದ್ದು ಎಂದು ನಮಗೆ ಅನ್ನಿಸಿರುವುದೇ ಇಲ್ಲ. ನಮ್ಮ ಶಾಲೆಯಲ್ಲಿ ಹಿಂದೆ ಇದ್ದ ಒಬ್ಬ ಕನ್ನಡ ಮೇಷ್ಟರು ಸದಾ ಜ್ಯೇಷ್ಠಮಧುವಿನ ಕಡ್ಡಿ ಜಗಿಯುತ್ತಿದ್ದರು. ಸೀಮೆಸುಣ್ಣದ ಧೂಳು ಕುಡಿದು ದಿನಕ್ಕೆ ಐದು ಪೀರಿಯಡ್ ಕೂಗುವವರಿಗೆ ಗಂಟಲೇ ಆಸ್ತಿ. ನಾವೆಲ್ಲ ಒಂದಲ್ಲ ಒಂದು ಬೇರು ಬಾಯಲ್ಲಿಟ್ಟುಕೊಳ್ಳುವವರೇ. ಅವರಿಗೆ ರಕ್ತದೊತ್ತಡ ಇತ್ತು. ಮೂತ್ರ ಹೆಚ್ಚಿಸುವ ಗುಳಿಗೆಯೂ ಸೇರಿ ಎರಡು ಔಷಧಿ. ಒತ್ತಡ ಇಳಿಯಲೊಲ್ಲದು, ಕಾಲಲ್ಲಿ ಶಕ್ತಿ ಇಲ್ಲ, ಮೆಟ್ಟಿಲು ಹತ್ತುವುದೇ ಕಷ್ಟ. ಔಷಧಿಯ ಪ್ರಮಾಣ ಎರಡು ಸಲ ಏರಿತು. ಮೂರನೆಯ ಸಲ ಹೋದಾಗ ವೈದ್ಯರು ನಾಲಿಗೆ ತೋರಿಸಿ ಎಂದರಂತೆ. ಇವರು ಮುಜುಗರದಿಂದ ಬಾಯಲ್ಲಿದ್ದ ಕಡ್ಡಿಯನ್ನು ಅಂಗೈಗೆ ಉಗಿದುಕೊಂಡರಂತೆ. ಅಲ್ಲಿಗೆ ರೋಗ ಸಿಕ್ಕಿತು! ಜ್ಯೇಷ್ಠಮಧು ಹೆಚ್ಚಾದರೆ ಮೈಯಲ್ಲಿ ಉಪ್ಪು ನಿಲ್ಲುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಒತ್ತಡ ಏರುತ್ತದೆ. ಮೂತ್ರದ ಗುಳಿಗೆಯೂ ಪೊಟ್ಯಾಸಿಯಂ ಕಳೆಯುವಂಥದ್ದೇ. ಎರಡೂ ಸೇರಿದರೆ ಸ್ನಾಯು ಸೋಲುತ್ತದೆ, ಹೃದಯದ ತಾಳವೂ ತಪ್ಪಬಹುದು. "ಬೇರೆ ಔಷಧಿ ಏನಾದರೂ ತಗೊಳ್ತೀರಾ ಎಂದು ಕೇಳಿದ್ದೆನಲ್ಲ" ಎಂದು ವೈದ್ಯರು. "ಇದು ಔಷಧಿ ಎಲ್ಲಿ ಸ್ವಾಮಿ, ಬೇರು" ಎಂದು ಮೇಷ್ಟರು. ಇಲ್ಲಿ ತಪ್ಪು ಯಾರದು ಹೇಳಿ? ಶಬ್ದದ್ದು ಎಂದು ನನಗೆ ಅನ್ನಿಸುತ್ತದೆ. ಔಷಧಿ ಎಂಬ ಒಂದೇ ಶಬ್ದಕ್ಕೆ ಅವರ ಅರ್ಥ ಒಂದು, ಇವರ ಅರ್ಥ ಇನ್ನೊಂದು.

ಎರಡನೆಯ ಕಾರಣ, ಬೈಗುಳದ ಭಯ. ಕಷಾಯ ಕುಡಿದೆ ಎಂದರೆ ನಗುವ ವೈದ್ಯರಿದ್ದಾರೆ, ರೇಗುವವರೂ ಇದ್ದಾರೆ. ಒಮ್ಮೆ ನಕ್ಕರೆ ಮುಗಿಯಿತು, ಆ ಮನೆಯಿಂದ ಮತ್ತೆ ಯಾವ ಬೇರಿನ ಸುದ್ದಿಯೂ ಅವರ ಮೇಜಿಗೆ ಬರುವುದಿಲ್ಲ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕುಡಿಯದ ಮನೆ ನಮ್ಮಲ್ಲಿ ಕಡಿಮೆ. 2021ರಲ್ಲಿ ಮುಂಬಯಿಯ ವೈದ್ಯರು ಅದನ್ನು ಸೇವಿಸಿದ್ದ ಆರು ಜನರಲ್ಲಿ ಪಿತ್ತಕೋಶಕ್ಕೆ ಹಾನಿಯಾದದ್ದನ್ನು ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳದ ತೀರ್ಪು ನನ್ನಂಥವಳ ಕೆಲಸವಲ್ಲ. ಆದರೆ ರೋಗಿ ಏನು ಕುಡಿದ ಎಂಬುದೇ ಗೊತ್ತಾಗದಿದ್ದರೆ ಜಗಳ ಮಾಡಲಿಕ್ಕಾದರೂ ಆಧಾರ ಎಲ್ಲಿಂದ ಬರಬೇಕು?

ಒಂದು ಸಂಗತಿ ನೋಡಿ. ಇಂಥ ಸಂಬಂಧಗಳನ್ನು ಮೊದಲು ಗುರುತಿಸುವವರು ಅನೇಕ ಸಲ ರೋಗಿಯೂ ಅಲ್ಲ, ವೈದ್ಯರೂ ಅಲ್ಲ, ಜೊತೆಗೆ ಉಣ್ಣುವವರು. 1963ರಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಎಳೆಯ ವೈದ್ಯ ಬ್ಯಾರಿ ಬ್ಲ್ಯಾಕ್‌ವೆಲ್, ಖಿನ್ನತೆಯ ಒಂದು ಔಷಧಿ ತೆಗೆದುಕೊಳ್ಳುವವರಿಗೆ ತಡೆಯಲಾರದ ತಲೆನೋವು ಬಂದು ರಕ್ತದೊತ್ತಡ ಏರುವುದರ ಬಗ್ಗೆ ವೈದ್ಯಪತ್ರಿಕೆಗೆ ಒಂದು ಪತ್ರ ಬರೆದ. ಅದನ್ನೋದಿದ ನಾಟಿಂಗ್‌ಹ್ಯಾಮ್ ಕಡೆಯ ಆಸ್ಪತ್ರೆಯ ಔಷಧ ವಿತರಕನೊಬ್ಬ, ತನ್ನ ಹೆಂಡತಿಗೂ ಹೀಗೇ ಆಗುತ್ತದೆ, ಚೀಸ್ ತಿಂದಾಗ ಮಾತ್ರ ಆಗುತ್ತದೆ ಎಂದು ತಿಳಿಸಿದ. ಚೀಸಿಗೂ ತಲೆನೋವಿಗೂ ಎತ್ತಣ ಸಂಬಂಧ ಎಂದು ಮೊದಲು ಅದನ್ನು ಯಾರೂ ಹಚ್ಚಿಕೊಳ್ಳಲಿಲ್ಲ. ಕೊನೆಗೆ ಅದೇ ನಿಜವಾಯಿತು. ಹಳೆಯ ಚೀಸಿನಲ್ಲಿರುವ ಟೈರಮಿನ್ ಎಂಬ ವಸ್ತುವನ್ನು ಸಾಮಾನ್ಯವಾಗಿ ಮೈ ತಾನೇ ಒಡೆದುಹಾಕುತ್ತದೆ. ಆ ಔಷಧಿ ಒಡೆಯುವ ಕೈಯನ್ನೇ ಕಟ್ಟಿಹಾಕುತ್ತಿತ್ತು. ಹೆಂಡತಿಯ ತಟ್ಟೆಯ ಮೇಲೆ ಗಂಡನೊಬ್ಬನ ಕಣ್ಣಿದ್ದುದರಿಂದ ಎಷ್ಟೋ ಜೀವ ಉಳಿಯಿತು. ನಮ್ಮಲ್ಲಿ ಗಂಡಸರು ಹೆಂಡತಿಯ ತಟ್ಟೆ ನೋಡುವುದು ಅಪರೂಪ, ಆ ಮಾತು ಬೇರೆ.

ಹೆಂಗಸರು ಮಾತ್ರ ನೋಡುತ್ತಾರೆ, ಲೋಟವನ್ನೂ ನೋಡುತ್ತಾರೆ. ಗಂಡನ ಪಕ್ಕದ ಸ್ಟೂಲಿನ ಮೇಲೆ ಕುಳಿತ ಹೆಂಗಸನ್ನು ನೀವೂ ಕಂಡಿರಬಹುದು. "ಕುಡೀತೀರಾ?" ಎಂದು ವೈದ್ಯರು ಕೇಳುತ್ತಾರೆ. "ಎಲ್ಲೋ ಒಮ್ಮೆ, ಕಂಪನಿಗೆ" ಎಂದು ಗಂಡ. ಆಕೆ ನೆಲದ ಟೈಲ್ಸ್ ಎಣಿಸುತ್ತಾಳೆ. ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳ ಮೇಲೆ, ಖಾಲಿ ಹೊಟ್ಟೆಯಲ್ಲಿ ಕುಡಿದರೆ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಮಾತು ತೊದಲುತ್ತದೆ, ನಡಿಗೆ ತೂರಾಡುತ್ತದೆ. ಕುಡಿದು ಬಿದ್ದಿದ್ದಾನೆ, ಬೆಳಗಾದರೆ ಏಳುತ್ತಾನೆ ಎಂದು ಜನ ಜಗಲಿಯ ಮೇಲೇ ಬಿಟ್ಟುಹೋಗುತ್ತಾರೆ. ಅವನು ಏಳುವುದಿಲ್ಲ. ನಿದ್ರೆಯ ಮಾತ್ರೆಯ ಜೊತೆ ಕುಡಿದರೆ ಉಸಿರೇ ಮಂದವಾಗಿ ನಿಲ್ಲಬಹುದು. ಕ್ಷಯದ ಔಷಧಿ ನಡೆಯುತ್ತಿರುವಾಗ ಕುಡಿದರೆ ಪಿತ್ತಕೋಶಕ್ಕೆ ಎರಡು ಕಡೆಯ ಪೆಟ್ಟು. ಆಕೆ ಬಾಯಿ ಬಿಡಬೇಕೇ?

ಬಿಡಬೇಕು ಎಂದೇ ನನ್ನ ಮತ. ಕುಡಿತ ಅವನ ಗುಟ್ಟಿರಬಹುದು, ಅವನು ಸತ್ತರೆ ಆಗುವ ವೈಧವ್ಯ ಅವನ ಗುಟ್ಟಲ್ಲ. ಆದರೆ ಇದನ್ನು ಬರೆಯುವುದು ಸುಲಭ. ಎದುರಿಗೇ ಹೇಳಿದ ಹೆಂಗಸು ಸಂಜೆ ಅವನ ಜೊತೆಗೇ ಅದೇ ಮನೆಗೆ ಹೋಗಬೇಕು. ಸತ್ಯದ ಬೆಲೆಯನ್ನು ಬೆನ್ನಿನ ಮೇಲೆ ತೆರಬೇಕಾದವಳಿಗೆ ಸತ್ಯ ಹೇಳು ಎಂದು ಉಪದೇಶ ಮಾಡುವ ಅಧಿಕಾರ ನನಗಿಲ್ಲ. ತೂಕ ನೋಡಿ ಬನ್ನಿ ಎಂದು ಗಂಡನನ್ನು ಪಕ್ಕದ ಕೋಣೆಗೆ ಕಳಿಸಿ, ಆ ಎರಡು ನಿಮಿಷದಲ್ಲಿ ಆಕೆಯನ್ನು ಕೇಳುವ ಜಾಣ ವೈದ್ಯರನ್ನು ನಾನು ಬಲ್ಲೆ. ಹೆಂಡತಿಯರ ಗುಟ್ಟೂ ಇರುತ್ತದೆಯಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮಕ್ಕಳಾಗದಂತೆ ನುಂಗುವ ಗುಳಿಗೆಯ ಶಕ್ತಿಯನ್ನು ಕುಂದಿಸುತ್ತದೆ. ಅತ್ತೆಗೆ ತಿಳಿಯದಂತೆ ಅಕ್ಕಿ ಡಬ್ಬಿಯಲ್ಲಿ ಗುಳಿಗೆಯ ಹಾಳೆ ಬಚ್ಚಿಟ್ಟವಳು, ಅತ್ತೆ ಪಕ್ಕದಲ್ಲೇ ಕುಳಿತಿರುವಾಗ, ಬೇರೆ ಏನು ತಗೊಳ್ತೀಯಮ್ಮ ಎಂದರೆ ಏನು ಹೇಳಿಯಾಳು?

ಇನ್ನು ಎಲ್ಲಕ್ಕಿಂತ ಕಠಿಣವಾದದ್ದು. ಕುಡಿತ ಬಿಡಿಸುವ ಪುಡಿ, ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಬಹುದು ಎಂಬ ಜಾಹೀರಾತನ್ನು ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ನೋಡದವರು ಯಾರು? ಪುಡಿಯಲ್ಲಿ ಏನಿದೆ ಎಂಬುದು ಅದನ್ನು ಮಾರುವವನಿಗೇ ಗೊತ್ತು. ಆದರೆ ಡೈಸಲ್ಫಿರಾಂ ಎಂಬ ನಿಜವಾದ ಔಷಧಿಯೊಂದಿದೆ. 1937ರಲ್ಲಿ ಅಮೆರಿಕದ ಕಾರ್ಖಾನೆಯೊಂದರ ವೈದ್ಯ, ರಬ್ಬರಿಗೆ ಬಳಸುವ ಇದರ ಬಳಗದ ರಸಾಯನದೊಡನೆ ಕೆಲಸ ಮಾಡುವವರಿಗೆ ಮದ್ಯ ಸೇರುವುದಿಲ್ಲ ಎಂದು ಗಮನಿಸಿದ್ದ. ಮುಂದೆ ಡೆನ್ಮಾರ್ಕಿನಲ್ಲಿ ಹಾಲ್ಡ್ ಮತ್ತು ಯಾಕೋಬ್ಸೆನ್ ಎಂಬಿಬ್ಬರು ಜಂತುವಿನ ಔಷಧಿಯಾದೀತೇ ಎಂದು ಡೈಸಲ್ಫಿರಾಂ ಅನ್ನು ತಾವೇ ನುಂಗಿ, ಆಮೇಲೆ ಕುಡಿದು ಕಂಗಾಲಾದಾಗ ಇದರ ಇನ್ನೊಂದು ಉಪಯೋಗ ಹೊಳೆಯಿತು. 1948ರಲ್ಲಿ ಅದು ಪ್ರಕಟವಾಯಿತು. ಮದ್ಯ ಮೈಯೊಳಗೆ ಕರಗುವ ದಾರಿಯನ್ನು ಇದು ನಡುವೆಯೇ ಮುಚ್ಚಿಬಿಡುತ್ತದೆ. ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದರೆ ಸಾವೂ ಬರಬಹುದು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಈ ಅಪಾಯ ಉಂಟು. ಬಾಣಂತಿಗೆ ಕೊಡುವ ದಶಮೂಲಾರಿಷ್ಟದಂಥ ಅರಿಷ್ಟ ಆಸವಗಳಲ್ಲಿ ತಾನಾಗಿ ಹುಟ್ಟಿದ ಮದ್ಯಾಂಶ ಇರುತ್ತದೆ, ಕೆಲವು ಕೆಮ್ಮಿನ ಔಷಧಿಯಲ್ಲೂ ಇರುತ್ತದೆ. ಅದಕ್ಕೇ ರೋಗಿಗೆ ಎಲ್ಲ ತಿಳಿಸಿ, ಅವನ ಒಪ್ಪಿಗೆ ಪಡೆದೇ ಇದನ್ನು ಕೊಡಬೇಕೆಂಬುದು ನಿಯಮ.

ಆದರೂ ಹೇಳದೆ ಬೆರೆಸುವ ಹೆಂಗಸರಿದ್ದಾರೆ. ನನಗೆ ಪರಿಚಯದ ಒಬ್ಬಾಕೆಯ ಎದುರು ಇದು ಸರಿಯಲ್ಲ ಎಂದಾಗ ಆಕೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಹೊಡಿಯೋವಾಗ ಅವನು ನನ್ನ ಕೇಳಿ ಹೊಡೀತಾನಾ ಟೀಚರ್?" ನೀತಿಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ಉತ್ತರ ಇರಬಹುದು. ನಾನಂತೂ ಆಗ ಸುಮ್ಮನೆ ಚಹಾದ ಲೋಟ ಕೆಳಗಿಟ್ಟೆ.

ಮನೆಗೆ ಬಂದು ಯೋಚಿಸಿದೆ. ಅನ್ನ ಬಡಿಸುವ ಕೈಯನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಮನುಷ್ಯ ಮನುಷ್ಯನನ್ನು ನಂಬುವುದಕ್ಕೆ ಇದಕ್ಕಿಂತ ದೊಡ್ಡ ರುಜುವಾತು ನನಗೆ ಕಂಡಿಲ್ಲ. ಕುಡುಕನೂ ತಟ್ಟೆಯ ಮುಂದೆ ಕುಳಿತಾಗ ಆ ನಂಬಿಕೆಯಿಂದಲೇ ಕುಳಿತಿರುತ್ತಾನೆ. ಅವನ ಒಳ್ಳೆಯದಕ್ಕೆಂದೇ ಅದನ್ನು ಒಮ್ಮೆ ಮುರಿದರೆ, ನಾಳೆ ಸೊಸೆಯ ಒಳ್ಳೆಯದಕ್ಕೆ ಅತ್ತೆ, ಮುದುಕಿಯ ಒಳ್ಳೆಯದಕ್ಕೆ ಮಗ, ಹೀಗೆ ಯಾರ ಅನ್ನದಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬೆರೆಸಬಹುದು. ಬಾಯಿಗೆ ಹೋಗುವುದು ಏನೆಂದು ತಿಳಿಯುವ ಹಕ್ಕು ಕೆಟ್ಟವನಿಗೂ ಉಂಟು. ಆದ್ದರಿಂದ ಬೆರೆಸುವುದು ತಪ್ಪು. ಆದರೆ ಆ ತಪ್ಪನ್ನು ಆಕೆಯೊಬ್ಬಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ನಾನು ತಯಾರಿಲ್ಲ. ಕೆನ್ನೆ ಊದಿಸಿಕೊಂಡು ಆಕೆ ಸಂತೆಗೆ ಬಂದಾಗ ಏನಾಯಿತು ಎಂದು ಯಾರೂ ಕೇಳಿರಲಿಲ್ಲ. ಕೇಳದಿದ್ದವರ ಸಾಲು ವೈದ್ಯರ ಕೋಣೆಯಿಂದ ಬಹಳ ಹೊರಗಿನವರೆಗೂ ಇದೆ.

ಹೇಳದೆ ಕೊಡಬಾರದು ಎಂದು ಇಷ್ಟು ಮಾತಾಡುವ ನಾನೂ ವಾರಕ್ಕೊಮ್ಮೆ ಮಕ್ಕಳ ಕೈಗೆ ಮಾತ್ರೆ ಕೊಡುವವಳೇ. ರಕ್ತಹೀನತೆಗೆಂದು ಸರಕಾರ ಪ್ರೌಢಶಾಲೆಯ ಮಕ್ಕಳಿಗೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆ. ಹಾಲು ಕುಡಿದ ಹೊತ್ತಿಗೆ ಅಲ್ಲ, ಮಧ್ಯಾಹ್ನದ ಊಟವಾದ ಮೇಲೆ ಕೊಡುತ್ತೇವೆ. ಖಾಲಿ ಹೊಟ್ಟೆಗೆ ಬಿದ್ದರೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಇದನ್ನು ಮಕ್ಕಳಿಗೆ ಮುಂಚೆಯೇ ಹೇಳಬೇಕೇ ಎಂದು ಸ್ಟಾಫ್ ರೂಮಿನಲ್ಲಿ ಒಮ್ಮೆ ದೊಡ್ಡ ಚರ್ಚೆಯೇ ನಡೆಯಿತು. ಹೇಳಿದರೆ ಒಬ್ಬಳಿಗೆ ವಾಂತಿ ಬರುತ್ತದೆ, ಅವಳನ್ನು ನೋಡಿ ಹತ್ತು ಜನಕ್ಕೆ ಬರುತ್ತದೆ, ನಾಳೆ ಪೋಷಕರು ಗೇಟಿನ ಹತ್ತಿರ ನಿಲ್ಲುತ್ತಾರೆ ಎಂಬುದು ಒಂದು ವಾದ. ಅದು ಬರೀ ಕುಂಟುನೆಪವಲ್ಲ. ಲಂಡನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಕೊಲೆಸ್ಟರಾಲಿನ ಮಾತ್ರೆ ಒಗ್ಗುವುದಿಲ್ಲ ಎಂದು ಬಿಟ್ಟಿದ್ದ ಅರವತ್ತು ಜನರಿಗೆ ಒಂದು ತಿಂಗಳು ನಿಜವಾದ ಮಾತ್ರೆ, ಒಂದು ತಿಂಗಳು ಔಷಧಿಯಿಲ್ಲದ ಬರೀ ಮಾತ್ರೆ, ಒಂದು ತಿಂಗಳು ಏನೂ ಇಲ್ಲ, ಹೀಗೆ ಒಂದು ವರ್ಷ ಕೊಟ್ಟು ನೋಡಿದರು. ನಿಜವಾದ ಮಾತ್ರೆಯಲ್ಲಿ ಆದ ತೊಂದರೆಯ ನೂರಕ್ಕೆ ತೊಂಬತ್ತು ಪಾಲು ಬರೀ ಮಾತ್ರೆಯಲ್ಲೂ ಆಗಿತ್ತು. ಅದು ನಟನೆಯಲ್ಲ, ನೋವು ನಿಜವೇ. ಆದರೆ ಆ ನೋವು ಹುಟ್ಟಿದ್ದು ಮನಸ್ಸಿನ ಎಣಿಕೆಯಿಂದ.

ಹಾಗೆಂದು ಹೇಳದೆ ಇದ್ದರೆ? ಕಪ್ಪು ಮಲ ಕಂಡ ಹುಡುಗಿ ಯಾರಿಗೂ ಹೇಳಲಾರದೆ, ತನಗೇನೋ ದೊಡ್ಡ ರೋಗ ಬಂತೆಂದು ಒಳಗೊಳಗೇ ಅಳುತ್ತಾಳೆ. ಮುಂದಿನ ವಾರ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡು ಹೊರಗೆ ಹೋಗಿ ಉಗಿಯುತ್ತಾಳೆ. ನಾನು ಆರಿಸಿಕೊಂಡದ್ದು ನಡುದಾರಿಯಲ್ಲ, ಹೇಳುವ ದಾರಿಯನ್ನೇ. ಕಪ್ಪಾಗುತ್ತದೆ, ಅದು ಕಬ್ಬಿಣದ ಬಣ್ಣ, ಹೆದರಬೇಡಿ, ಹೊಟ್ಟೆಯಲ್ಲಿ ಏನಾದರೂ ಅನ್ನಿಸಿದರೆ ನನ್ನ ಹತ್ತಿರ ಬನ್ನಿ ಎನ್ನುತ್ತೇನೆ. ಔಷಧಿ ಪೆಟ್ಟಿಗೆಯೊಳಗಿನ ಇರುವೆ ಸಾಲಿನಂಥ ಅಕ್ಷರದ ಚೀಟಿಯನ್ನು ಓದಿ ಹೇಳುವುದಿಲ್ಲ. ಆ ಚೀಟಿ ಎಲ್ಲವನ್ನೂ ಹೇಳುತ್ತದೆ, ಯಾರಿಗೂ ಏನನ್ನೂ ಹೇಳುವುದಿಲ್ಲ. ನಾಳೆ ಯಾರಾದರೂ ಕೇಳಿದರೆ ಹೇಳಿದ್ದೆವಲ್ಲ ಎನ್ನುವುದಕ್ಕೆ ಅಚ್ಚು ಹಾಕಿಸಿದ್ದು ಅದು.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬ ಸಿಸ್ಟರ್ ಇದ್ದಾರೆ. ಬೇರೆ ಔಷಧಿ ತಗೊಳ್ತೀರಾ ಎಂದು ಅವರು ಯಾರನ್ನೂ ಕೇಳುವುದಿಲ್ಲ. "ಅಜ್ಜಿ, ಬೆಳಿಗ್ಗೆ ಎದ್ದವರು ಮೊದಲು ಬಾಯಿಗೆ ಏನು ಹಾಕ್ತೀರಿ?" ಎಂದು ಶುರುಮಾಡುತ್ತಾರೆ. ನಾನು ನನ್ನ ಸರದಿಗೆ ಕಾಯುತ್ತ ಕೇಳಿಸಿಕೊಂಡೆ. ಅಜ್ಜಿಗೆ ಸಕ್ಕರೆ, ಒತ್ತಡ ಎರಡೂ ಉಂಟು. ರಾತ್ರಿ ನೆನೆಸಿಟ್ಟ ಮೆಂತ್ಯದ ನೀರು ಎಂದರು. ಆಮೇಲೆ? ಹಾಗಲಕಾಯಿ ರಸ, ಸಕ್ಕರೆಗೆ ಒಳ್ಳೇದಂತೆ. ಆಮೇಲೆ? ನೀವು ಕೊಟ್ಟ ಗುಳಿಗೆ. ಆಮೇಲೆ ಕಾಫಿ, ಆಮೇಲೆ ಗಂಜಿ, ಎಲೆ ಅಡಿಕೆ. ಮಧ್ಯಾಹ್ನ? ಊಟ, ಮತ್ತೆ ಮಂಡಿನೋವಿಗೆ ಪಕ್ಕದ ಮನೆಯವಳು ಕೊಟ್ಟ ಕೆಂಪು ಮಾತ್ರೆ, ಅವಳಿಗೆ ಅದರಿಂದ ಗುಣವಾಯಿತಂತೆ. ಸಿಸ್ಟರ್ ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಬರೆದುಕೊಳ್ಳುತ್ತಲೇ ಇದ್ದರು. ಕಾರ್ಡಿನಲ್ಲಿ ಜಾಗ ಮುಗಿಯಿತು. ಅದನ್ನು ಹಿಂಬದಿಗೆ ಹೊರಳಿಸಿ, "ಸಾಯಂಕಾಲ?" ಎಂದರು.